ಹದಿನಾಲ್ಕನೇ ಪುಟದ ಪ್ರಕಾರ ಮನೆ ಬಿಟ್ಟವಳ ಅಹವಾಲು

ಇಟಲಿಯ ಬೇಸಿಗೆ ಸಂಗೀತ ಶಿಬಿರಕ್ಕಾಗಿ 'ಪ್ರಯಾಣದ ಪ್ರಾಯೋಗಿಕ ಸಿದ್ಧತೆ' ಎಂಬ ಮೂವತ್ತೊಂದು ಪುಟಗಳ ಕೈಪಿಡಿಯನ್ನು ಬರೆದು, ತಮ್ಮ ಹೆಸರನ್ನು ಮಾತ್ರ ಎಲ್ಲಿಯೂ ಹಾಕದೆ ಜಾಣತನ ತೋರಿದ ಮಾನ್ಯರೇ,

ತಮ್ಮ ಪಾದಗಳಿಗೆ, ಅವು ಈ ಹೊತ್ತು ಯಾವ ತಂಪಾದ ಕಚೇರಿಯ ಯಾವ ಮೇಜಿನಡಿ ಚಾಚಿಕೊಂಡಿದ್ದರೂ, ಸಾಷ್ಟಾಂಗ ನಮಸ್ಕಾರಗಳು. ವಿಮಾನ ಎರಡು ಗಂಟೆ ತಡವೆಂದು ಈಗಷ್ಟೇ ಹೇಳಿದ್ದಾರೆ, ಗಾಜಿನಾಚೆ ಒಳ್ಳೆಯ ಬಿಸಿಲಿದೆ, ನನ್ನ ಕೈಯಲ್ಲೊಂದು ಪೆನ್ಸಿಲ್ ಇದೆ. ಆದ್ದರಿಂದ ಕಳೆದ ಆರು ವಾರಗಳಲ್ಲಿ ತಾವು ನನ್ನ ಸಂಸಾರಕ್ಕೆ ಮಾಡಿದ ಉಪಕಾರವನ್ನು ನಾಲ್ಕು ಜನಕ್ಕೆ ತಿಳಿಯುವಂತೆ ಸ್ಮರಿಸೋಣವೆಂದು ಕುಳಿತಿದ್ದೇನೆ.

ನಾನು ಹಲ್ಲು ಕಟ್ಟುವವಳು. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ, ಮೇಣ ಮತ್ತು ಪ್ಲಾಸ್ಟರಿನ ನಡುವೆ ಕುಳಿತು, ಇಪ್ಪತ್ತೆರಡು ವರ್ಷಗಳಿಂದ ಊರಿನ ಅರ್ಧ ನಗುವನ್ನು ನಾನೇ ತಯಾರಿಸುತ್ತಿದ್ದೇನೆ. ಎಂಟು ವರ್ಷಗಳ ಹಿಂದೆ ನಿವೃತ್ತ ಬ್ಯಾಂಡ್ ಮಾಸ್ತರರೊಬ್ಬರು ಬಂದು, "ಊಟಕ್ಕೆ ಹಲ್ಲು ಬೇಡಮ್ಮ, ಹೇಗೋ ನುಂಗ್ಕೊಂಡಿರ್ತೀನಿ, ಕ್ಲಾರಿನೆಟ್ ಕಚ್ಚಿ ಹಿಡಿಯೋಕೆ ಹಲ್ಲು ಬೇಕು" ಎಂದರು. ಐದು ಸಲ ಉಜ್ಜಿ ತಿದ್ದಿದ ಸೆಟ್ಟು ಆರನೆಯ ಸಲ ಸರಿಯಾಗಿ ಕೂತಾಗ, ಅವರು ಅಲ್ಲೇ, ನನ್ನ ಸ್ಟೂಲಿನ ಮೇಲೆ ಕುಳಿತು ಊದಿದರು. ಆ ನಾದ ಕೇಳಿ ನನ್ನ ಕೈಯಲ್ಲಿದ್ದ ಬೇರೆ ಯಾರದೋ ಕೆಳದವಡೆ ನೆಲಕ್ಕೆ ಬಿದ್ದು ಎರಡಾಯಿತು. ಅಂದಿನಿಂದ ನಾನು ಅವರ ಶಿಷ್ಯೆ. ಈ ವರ್ಷ ಅವರೇ ಕೂತು ಅರ್ಜಿ ತುಂಬಿಸಿದರು, ಮತ್ತು ನಲವತ್ತೇಳನೆಯ ವಯಸ್ಸಿನಲ್ಲಿ, ಪಕ್ಕದ ಊರಿನ ಮದುವೆಗಳನ್ನು ಬಿಟ್ಟರೆ ಎಲ್ಲಿಗೂ ಹೋಗದ ನನ್ನನ್ನು ತಮ್ಮ ಶಿಬಿರ ಮೂರು ವಾರಕ್ಕೆ ಬಾ ಎಂದು ಕರೆಯಿತು. ನಾನು ಕುಣಿದಾಡಿದೆ. ಮರುದಿನ ತಮ್ಮ ಕೈಪಿಡಿ ಬಂತು; ಕುಣಿತ ನಿಂತಿತು.

ಅದೆಂಥ ಕೈಪಿಡಿ, ಮಾನ್ಯರೇ! ಪ್ಲಗ್ಗಿನ ಮೂರು ಕಾಲುಗಳ ಕುರಿತೇ ನಾಲ್ಕು ಪುಟ ಬರೆದ ತಮ್ಮ ತಾಳ್ಮೆಗೆ ಎಣೆಯುಂಟೇ? ಪಾಸ್‌ಪೋರ್ಟಿನ ನಕಲನ್ನು ನಂಬಿಕಸ್ಥರೊಬ್ಬರ ಬಳಿ ಇಡಿ ಎಂದು ತಾವು ಆರನೇ ಪುಟದಲ್ಲಿ ಅಪ್ಪಣೆ ಕೊಡಿಸಿದ್ದಿರಿ. ನಮ್ಮ ಬೀದಿಯಲ್ಲಿ ನಂಬಿಕಸ್ಥರೆಂದರೆ ಎದುರುಮನೆಯ ಟೈಲರಮ್ಮ. ಅವರ ಕೈಗೆ ನಕಲು ಕೊಟ್ಟು, "ಅಕ್ಕಾ, ನಾನೇನಾದ್ರೂ ವಾಪಸ್ ಬರದೇ ಇದ್ರೆ ಇದು ಬೇಕಾಗುತ್ತೆ" ಎಂದೆ. ಅವರು ಹೊಲಿಗೆ ಯಂತ್ರ ನಿಲ್ಲಿಸಿ ನನ್ನನ್ನು ಬಹಳ ಹೊತ್ತು ನೋಡಿದರು. ಆಗಲೇ ನನಗೆ ಹೊಳೆಯಬೇಕಿತ್ತು.

ಇನ್ನು ಹದಿನಾಲ್ಕನೇ ಪುಟ. ಶಿಬಿರ ನಡೆಯುವ ಗುಡ್ಡದೂರಿನ ಬಾಗಿಲಿನಿಂದ ಮುಂದೆ ವಾಹನ ಬಿಡುವುದಿಲ್ಲವೆಂದೂ, ಕಡೆಯ ಒಂದು ಕಿಲೋಮೀಟರು ಕಲ್ಲು ಹಾಸಿದ ಏರುದಾರಿಯೆಂದೂ, ಸೂಟ್‌ಕೇಸನ್ನು ಅವರವರೇ ಎಳೆಯತಕ್ಕದ್ದೆಂದೂ, ಆದ್ದರಿಂದ ಹೊರಡುವ ಆರು ವಾರ ಮೊದಲಿನಿಂದ ಪ್ರತಿದಿನ ಅರ್ಧ ಗಂಟೆ, ತುಂಬಿದ ಸೂಟ್‌ಕೇಸನ್ನೆಳೆದುಕೊಂಡು, ಸಂಗೀತ ಕಛೇರಿಗೆ ತೊಡುವ ಕಪ್ಪು ಉಡುಪು ಮತ್ತು ಹೊಸ ಶೂಗಳಲ್ಲೇ, ವಾದ್ಯವನ್ನು ಕೈಯಲ್ಲಿ ಹಿಡಿದು ನಡೆದು ಅಭ್ಯಾಸ ಮಾಡಬೇಕೆಂದೂ ತಾವು ಬರೆದಿದ್ದಿರಿ. ನಾನು ಹೇಳಿದಂತೆ ಕೇಳುವ ಹೆಂಗಸು. ಮರುದಿನ ಬೆಳಿಗ್ಗೆ ಏಳಕ್ಕೆ, ತಲೆಯಿಂದ ಕಾಲಿನವರೆಗೆ ಕಪ್ಪು ತೊಟ್ಟು, ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಕ್ಲಾರಿನೆಟ್ಟಿನ ಕಿರುಪೆಟ್ಟಿಗೆ ಹಿಡಿದು ಗೇಟು ದಾಟಿದೆ. ಜೊತೆಗೆ ಹತ್ತೊಂಬತ್ತನೇ ಪುಟದ ಇಟಾಲಿಯನ್ ವಾಕ್ಯಗಳನ್ನು ಅರ್ಥ ಸಮೇತ ಗಟ್ಟಿಯಾಗಿ ಉರುಹೊಡೆಯುತ್ತಿದ್ದೆ. ಟೈಲರಮ್ಮನ ಕಿಟಕಿಯ ಕೆಳಗೆ ಬಂದಾಗ ನನ್ನ ಬಾಯಲ್ಲಿದ್ದ ಅರ್ಥ, "ನನಗೆ ಒಬ್ಬಳಿಗೇ ಒಂದು ಕೋಣೆ ಬೇಕು."

ಅರ್ಧ ಗಂಟೆಯ ನಂತರ ಮನೆಗೆ ಮರಳಿದೆ. ಮರುದಿನವೂ ಹೊರಟೆ, ಮರುದಿನವೂ ಮರಳಿದೆ. ನಾಲ್ಕೇ ದಿನಗಳಲ್ಲಿ ಬೀದಿಗೆ ಬೀದಿಯೇ ತೀರ್ಮಾನಕ್ಕೆ ಬಂದಿತ್ತು: ಹಲ್ಲಿನಮ್ಮ ಪ್ರತಿದಿನ ಒಡವೆ ಪೆಟ್ಟಿಗೆ ಸಮೇತ ಗಂಡನನ್ನು ಬಿಟ್ಟು ಹೋಗುತ್ತಾಳೆ, ಮೂಲೆಯ ಔಷಧಿ ಅಂಗಡಿ ತನಕ ಹೋಗುವಷ್ಟರಲ್ಲಿ ಮನಸ್ಸು ಕರಗಿ ವಾಪಸು ಬರುತ್ತಾಳೆ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು, ಮಾತು ಕಡಿಮೆ. ಮಾತು ಕಡಿಮೆಯಿರುವ ಗಂಡಸಿನ ಮೇಲೆ ಏನನ್ನು ಬೇಕಾದರೂ ಹೊರಿಸಬಹುದು. ಔಷಧಿ ಅಂಗಡಿಯವರು ಅವರನ್ನು ತಡೆದು ಕೋಪ ಇಳಿಯುವ ಮಾತ್ರೆ ಕೊಡಲು ಬಂದರಂತೆ.

ಎರಡನೆಯ ವಾರ ನನ್ನ ಅಣ್ಣ ಬೆಳಗಿನ ಬಸ್ಸು ಹಿಡಿದು ಬಂದ. ಯಾರು ಫೋನ್ ಮಾಡಿದರೆಂದು ಅವನು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಚಪ್ಪಲಿಯನ್ನೂ ಬಿಡದೆ, "ಏನ್ ಭಾವ, ನಮ್ಮ ಹುಡುಗೀನ ಬೀದಿಗೆ ತಂದುಬಿಟ್ರಲ್ಲ!" ಎಂದು ಗುಡುಗಿದ. ನನ್ನ ಗಂಡ ಪತ್ರಿಕೆ ಮಡಚಿಟ್ಟು, "ಬೀದಿಗೆ ತಂದಿದ್ದು ನಾನಲ್ಲ ಭಾವ, ಹದಿನಾಲ್ಕನೇ ಪುಟ" ಎಂದರು. ಅಣ್ಣನಿಗೆ ಅದು ಯಾವುದೋ ಕೋರ್ಟು ಕಾಗದದ ಪುಟವೆನಿಸಿ, ತಲೆಯ ಮೇಲೆ ಕೈಹೊತ್ತು ಸೋಫಾದ ಮೇಲೆ ಕುಸಿದ. ಕೈಪಿಡಿಯನ್ನೇ ಅವನ ಕೈಗಿಟ್ಟೆ. ಪೂರ್ತಿ ತಿರುವಿ ಹಾಕಿ, "ತವರಿಗೆ ಬಾ ಅಂದ್ರೆ ರಜೆ ಇಲ್ಲ ಅಂತೀಯ, ಊದೋಕೆ ಇಟಲಿಗೆ ಹೋಗ್ತೀಯ" ಎಂದು ಮುನಿಸಿಕೊಂಡು ಅವನು ಬಂದ ಬಸ್ಸಿಗೇ ಮರಳಿದ. ನನ್ನ ಗಂಡನ ಮೇಲಿದ್ದ ಅವನ ಸಿಟ್ಟನ್ನು ಇಷ್ಟು ಸಲೀಸಾಗಿ ನನ್ನ ಮೇಲೆ ತಿರುಗಿಸಿದ ತಮ್ಮ ಗ್ರಂಥದ ಶಕ್ತಿಗೆ ಶರಣು.

ಇಷ್ಟೂ ನಗೆಯ ಮಾತೇ. ಆದರೆ ಮೂರನೆಯ ವಾರದ ಒಂದು ಸಂಜೆ, ನಾನು ಕ್ಲಾರಿನೆಟ್ಟಿನ ಬೆರಳೊತ್ತುವ ಕೀಲಿಗಳನ್ನು ಒರೆಸುತ್ತಿದ್ದಾಗ, ನನ್ನ ಗಂಡ ತಟ್ಟೆ ನೋಡುತ್ತ, "ಮೂರೇ ವಾರ ತಾನೇ?" ಎಂದು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ. ಊರೆಲ್ಲ ಒಂದೇ ಸುಳ್ಳನ್ನು ದಿನವೂ ಹೇಳಿದರೆ, ಅದು ಸುಳ್ಳೆಂದು ಗೊತ್ತಿರುವವನ ಎದೆಯಲ್ಲೂ ಒಂದು ಮೂಲೆ ಹಿಡಿದು ಕೂರುತ್ತದೆ, ಮಾನ್ಯರೇ. ಒರೆಸಿದ ಕೀಲಿಯನ್ನೇ ಮತ್ತೆ ಒರೆಸಿದೆ. ಮರುದಿನ ಬೆಳಿಗ್ಗೆ ಗೇಟಿನ ಬಳಿ ಅವರೇ ಸೂಟ್‌ಕೇಸಿನ ಹಿಡಿಕೆ ಹಿಡಿದು ನಿಂತಿದ್ದರು. "ಚಕ್ರ ಕಿರುಗುಟ್ತಿತ್ತು, ಎಣ್ಣೆ ಹಾಕಿದೀನಿ, ನಡಿ, ನಾನೂ ಬರ್ತೀನಿ" ಎಂದರು.

ಹಾಗೆ ನಾವಿಬ್ಬರೂ ನಡೆದೆವು. ಬೀದಿ ತಕ್ಷಣ ತೀರ್ಪು ಬದಲಿಸಿತು: ಗಂಡ ಹೆಂಡತಿ ಒಂದಾದರು, ಆದರೆ ಮುದುಕಿಯನ್ನು ನಡುನೀರಿನಲ್ಲಿ ಕೈಬಿಟ್ಟು ಹೊರಟರು. ಮುದುಕಿಯೆಂದರೆ ನನ್ನ ಅತ್ತೆ, ಎಪ್ಪತ್ತೆಂಟು ವರ್ಷ, ಬಾಯಲ್ಲಿರುವ ಹಲ್ಲುಗಳಷ್ಟೂ ನಾನೇ ಕಟ್ಟಿದ್ದು. ಅವರನ್ನು ಸಂತೈಸಲು ಹೆಂಗಸರು ಸಾಲುಗಟ್ಟಿ ಬಂದರು, ಬರಿಗೈಯಲ್ಲಿ ಬರದೆ ತಿಂಡಿ ತೀರ್ಥಗಳೊಂದಿಗೆ ಬಂದರು, ಮತ್ತು ಅತ್ತೆ ಎರಡು ದಿನ ಸತ್ಯವನ್ನು ಹೇಳದೆ ಆ ತಿಂಡಿಗಳನ್ನು ತಿಂದರು. ಮೂರನೆಯ ದಿನ ಬೇಸರವಾಯಿತೋ ಏನೋ, ಚಪ್ಪಲಿ ಮೆಟ್ಟಿ, ಬಟ್ಟೆಯ ಚೀಲವೊಂದನ್ನು ಹೆಗಲಿಗೇರಿಸಿ, "ಒಬ್ಬಳೇ ಕೂತು ಅಳೋದಕ್ಕಿಂತ ನಡೆಯೋದು ವಾಸಿ" ಎಂದು ನಮ್ಮೊಡನೆ ಹೊರಟೇಬಿಟ್ಟರು.

ಅಂದು ಅರ್ಧ ಗಂಟೆಯ ನಂತರ ಮರಳಿದಾಗ ಮನೆಯ ಬಾಗಿಲು ತೆರೆದಿತ್ತು. ಒಳಗೆ ಮನೆ ಮಾಲೀಕರು, ಒಬ್ಬ ದಲ್ಲಾಳಿ, ಹಾಗೂ ಬಾಡಿಗೆಗೆ ಮನೆ ಹುಡುಕುತ್ತಿದ್ದ ದಂಪತಿ ಇದ್ದರು. ಆ ಹೆಂಗಸು ನನ್ನ ಅಡುಗೆಮನೆಯ ಕಪಾಟು ತೆಗೆದು, "ಜಾಗ ಪರವಾಗಿಲ್ಲ, ಆದ್ರೆ ಪಾತ್ರೆ ಎಲ್ಲ ಬಿಟ್ಟೇ ಹೋಗಿದಾರಲ್ಲ ಪಾಪ" ಎನ್ನುತ್ತಿದ್ದರು.

ಅಲ್ಲಿಗೆ ನನ್ನ ಸಹನೆಯ ಕಟ್ಟೆ ಒಡೆಯಿತು. ಹೊರಡುವ ಮೊದಲು ಪರಿಚಿತರ ಮುಂದೊಮ್ಮೆ ನುಡಿಸಿ ಭಯ ಕಳೆದುಕೊಳ್ಳಿ ಎಂಬ ತಮ್ಮ ಇಪ್ಪತ್ತೆಂಟನೇ ಪುಟವನ್ನು ನೆನೆದು, ಪೆಟ್ಟಿಗೆಯನ್ನು ಎಲ್ಲರೆದುರು ತೆರೆದೆ. ಒಳಗೆ ಒಡವೆಯಿಲ್ಲದ್ದು ಕಂಡು, ಗದ್ದಲ ಕೇಳಿ ಬಂದಿದ್ದ ಟೈಲರಮ್ಮನ ಮುಖ ಬಾಡಿತು. ಮೆಟ್ಟಿಲ ಮೇಲೆ ನಿಂತು, ಅರ್ಜಿಯ ಜೊತೆ ಕಳಿಸಿದ್ದ ರಚನೆಯನ್ನು ಮೊದಲಿನಿಂದ ಕೊನೆಯವರೆಗೆ ಊದಿದೆ. ನಡುವೆ ಒಂದು ಕಡೆ ಬಾಗಿಲು ಕಿರುಗುಟ್ಟಿದಂಥ ಸದ್ದು ಬಂತು, ಉಳಿದದ್ದು ಬಂದಂತೆಯೇ ಬಂತು. ಕಡೆಯ ಸ್ವರ ನಾನು ನಿಲ್ಲಿಸಿದ ಮೇಲೂ ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತಿತ್ತು. ದಲ್ಲಾಳಿ ಕಣ್ಣೊರೆಸಿಕೊಂಡರು, ಕಮಿಷನ್ ತಪ್ಪಿದ್ದಕ್ಕೂ ಇರಬಹುದು. ಟೈಲರಮ್ಮ ಮಾತ್ರ, "ಇಷ್ಟು ಚೆನ್ನಾಗಿ ಊದ್ತೀಯಲ್ಲೇ, ಇಲ್ಲೇ ಊದಬಹುದಿತ್ತು, ಇಷ್ಟು ದಿನ ನಮ್ಮ ಕೆಲಸ ಯಾಕೆ ಕೆಡಿಸಿದೆ?" ಎಂದರು. ಆಮೇಲೆ ನನ್ನ ಕಪ್ಪು ಉಡುಪಿನ ಬಿಚ್ಚಿಹೋಗಿದ್ದ ಅಂಚನ್ನು ಅಲ್ಲೇ ಮಂಡಿಯೂರಿ ಹೊಲಿದುಕೊಟ್ಟರು.

ಆದಕಾರಣ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳಿವೆ. ಮುಂದಿನ ಮುದ್ರಣದಲ್ಲಿ ಗೇಟಿಗೆ ಅಂಟಿಸಲು 'ಇದು ಬರೀ ಅಭ್ಯಾಸ' ಎಂಬ ದೊಡ್ಡ ಅಕ್ಷರದ ಒಂದು ಪುಟವನ್ನು ದಯಪಾಲಿಸಬೇಕು. ಅಭ್ಯರ್ಥಿಗಳ ಅಣ್ಣಂದಿರನ್ನು ಬಸ್ ನಿಲ್ದಾಣದಲ್ಲೇ ತಡೆದು ಸಮಾಧಾನಪಡಿಸಲು ಶಿಬಿರದ ವತಿಯಿಂದ ಒಬ್ಬ ಮೃದುಭಾಷಿಯನ್ನು ನೇಮಿಸಬೇಕು. ಇವೆರಡೂ ಕಷ್ಟವೆನಿಸಿದಲ್ಲಿ, ಆ ಊರನ್ನೇ ಗುಡ್ಡದ ಮೇಲಿಂದ ಇಳಿಸಿ ಬಸ್ಸು ನಿಲ್ಲುವಲ್ಲಿ ಇಡಿಸಲು ಸಂಬಂಧಪಟ್ಟವರಿಗೆ ಒಂದು ಮಾತು ಹೇಳಬೇಕು.

ಇಂದು ಬೆಳಿಗ್ಗೆ ವಿಮಾನ ನಿಲ್ದಾಣದ ತಕ್ಕಡಿಯ ಮೇಲೆ ನನ್ನ ಸೂಟ್‌ಕೇಸು ಮಿತಿಗಿಂತ ಇನ್ನೂರು ಗ್ರಾಂ ಹೆಚ್ಚು ತೂಗಿತು. "ಏನಾದ್ರೂ ಒಂದು ತೆಗೀರಿ ಮೇಡಂ" ಎಂದರು ಅಲ್ಲಿದ್ದಾಕೆ. ನೆಲದ ಮೇಲೆ ಕೂತು ಬಿಚ್ಚಿ ನೋಡಿದರೆ, ಪ್ರತಿಯೊಂದನ್ನೂ ತಾವು ಯಾವುದಾದರೊಂದು ಪುಟದಲ್ಲಿ ಕಡ್ಡಾಯ ಮಾಡಿದ್ದಿರಿ. ತಾವು ತರಲು ಹೇಳದೆ ಇದ್ದದ್ದು ಒಂದೇ, ತಮ್ಮ ಕೈಪಿಡಿ. ಅದನ್ನು ತೆಗೆದು ಗಂಡನ ಕೈಗಿತ್ತೆ. ತೂಕ ಕೂದಲೆಳೆಯಷ್ಟೂ ಆಚೀಚೆಯಾಗದೆ ಸರಿಹೋಯಿತು. ಅವರು ಅದನ್ನು ಕಂಕುಳಲ್ಲಿಟ್ಟುಕೊಂಡು, ಜನ ನೋಡುತ್ತಿದ್ದಾರೆಂದು ನನ್ನತ್ತ ನೋಡದೆಯೇ, "ಇಪ್ಪತ್ತಾರು ವರ್ಷ ಲಿಫ್ಟ್ ನೋಡ್ಕೊಂಡಿದೀನಿ. ಮೇಲೆ ಹೋದದ್ದು ಕೆಳಗೆ ಬರದೇ ಇದ್ರೆ ಮೊದಲು ಫೋನ್ ಬರೋದು ನನಗೇ" ಎಂದರು. ಅವರು ಇಡೀ ವರ್ಷದಲ್ಲಿ ಆಡಿದ ಅತಿ ಉದ್ದದ ಮಾತು ಅದು. ಅದನ್ನು ಯಾವ ತಕ್ಕಡಿಗೂ ಹಾಕದೆ ನನ್ನೊಡನೆ ಒಯ್ಯುತ್ತಿದ್ದೇನೆ.

ಇಂತು, ಸವೆದ ಶೂಗಳಲ್ಲಿ ಸರ್ವಸನ್ನದ್ಧಳಾಗಿರುವ
ತಮ್ಮ ವಿಶ್ವಾಸಿ,
ಕ್ಲಾರಿನೆಟ್ ವಿಭಾಗದ ಹಲ್ಲು ಕಟ್ಟುವವಳು

ತಾ.ಕ.: ಇಟಲಿಯಲ್ಲಿ ನಾನು ಇಳಿಯಬೇಕಾದ ಬಸ್ ನಿಲ್ದಾಣದ ಹೆಸರು ಕೈಪಿಡಿಯ ಇಪ್ಪತ್ತೆರಡನೇ ಪುಟದಲ್ಲಿ ಮಾತ್ರವಿತ್ತೆಂಬುದು ಈಗ ನೆನಪಾಯಿತು. ಗಂಡನಿಗೆ ಫೋನ್ ಮಾಡಿದೆ. ಬಸ್ಸಿನಲ್ಲಿ ಕೂತು ಓದುತ್ತಿದ್ದಾರಂತೆ, "ತಡಿ, ಇನ್ನೂ ನಾಲ್ಕನೇ ಪುಟದಲ್ಲಿದೀನಿ, ಪ್ಲಗ್ಗಿನ ವಿಷಯ ಬಹಳ ಚೆನ್ನಾಗಿ ಬರೆದಿದಾರೆ" ಎಂದು ಇಟ್ಟುಬಿಟ್ಟರು. ಅವರು ಇಪ್ಪತ್ತೆರಡಕ್ಕೆ ಬರುವಷ್ಟರಲ್ಲಿ ನಾನು ಯಾವ ಊರಿನಲ್ಲಿ ಇಳಿದಿರುತ್ತೇನೋ ಬಲ್ಲವರಿಲ್ಲ. ಆದ್ದರಿಂದ ತಾವೇ ನನ್ನನ್ನು ಹುಡುಕಿಕೊಂಡು ಬರಬೇಕಾಗಿ ಪ್ರಾರ್ಥನೆ. ಕಪ್ಪು ಉಡುಪು ಮತ್ತು ಪಳಗಿದ ಶೂ ಕಡ್ಡಾಯ. ಸೂಟ್‌ಕೇಸನ್ನು ತಾವೇ ಎಳೆಯತಕ್ಕದ್ದು.