ಆಲ್ಕೊಳದಿಂದ ಹೋದ ಹೊಲಿಗೆ ಮೆಷಿನ್

ಹೊಲಿಗೆ ಅಂಗಡಿಯಲ್ಲಿ ನಗುವಂಥದ್ದು ವಾರಕ್ಕೊಂದಾದರೂ ನಡೆಯುತ್ತಿರುತ್ತದೆ. ನನ್ನ ಪಾಲಿಗೆ ಮಾತ್ರ, ನಾನು ಅತ್ತ ದಿನಗಳಲ್ಲೇ ಅಂಥವು ಹೆಚ್ಚು ನಡೆದವು.

ಅರ್ಧ ಮೆಷಿನ್

ನನ್ನ ಮೆಷಿನ್ ನಮ್ಮ ಅತ್ತೆ ಕೊಟ್ಟಿದ್ದು. ಅವರು ನನ್ನ ಜೊತೆ ಹೆಚ್ಚು ಮಾತಾಡಿದವರಲ್ಲ. ಹಾಸಿಗೆ ಹಿಡಿದ ಮೇಲೆ ಒಂದು ದಿನ, "ಇದು ನಿಂಗೆ. ಯಾರ ಮುಂದೆಯೂ ಕೈ ಚಾಚಬೇಡ" ಅಂದರು, ಅಷ್ಟೇ. ಅದರಲ್ಲೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದೆ.

ಒಂದು ಭಾನುವಾರ ಆಯನೂರಿನ ಅಕ್ಕನ ಮನೆಗೆ ಹೋಗಿ ಬರುವಷ್ಟರಲ್ಲಿ ಆಲ್ಕೊಳದ ನನ್ನ ಅಂಗಡಿಯ ಬೀಗ ಒಡೆದಿತ್ತು. ಕಾಲಿನ ಸ್ಟ್ಯಾಂಡ್ ಬಿಟ್ಟು ಮೇಲಿನ ಹೆಡ್ ಬಿಚ್ಚಿಕೊಂಡು ಹೋಗಿದ್ದರು. ಸ್ಟೇಷನ್ನಿನಲ್ಲಿ ದೂರು ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿ ಕೇಳಿದರು.

"ಕೆಳಗಿನ ಭಾಗ ಇದೆ ಅಂತೀರಿ. ಹಾಗಾದ್ರೆ ಹೋಗಿದ್ದು ಮೆಷಿನ್ನೋ, ಅರ್ಧ ಮೆಷಿನ್ನೋ?"

"ಹೊಲಿಯೋ ಅರ್ಧ ಹೋಗಿದೆ ಸಾರ್. ತುಳಿಯೋ ಅರ್ಧ ಇದೆ."

ಅವರು ಅದನ್ನು ಹಾಗೇ ಬರೆದುಕೊಂಡರು.

ಸಮಾಧಾನ

ಮರುದಿನ ಪಕ್ಕದ ಬೀದಿಯ ಟೀಚರ್ ಬಂದರು. ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತರು. "ಅಳಬೇಡ ಮಾರಾಯ್ತಿ, ವಸ್ತು ತಾನೇ, ಹೋದ್ರೆ ಬರುತ್ತೆ" ಅಂದರು. ಏಳುವಾಗ ಮೆಲ್ಲಗೆ ಕೇಳಿದರು.

"ನಾಡಿದ್ದು ತಂಗಿ ಮದುವೆ. ನನ್ನ ರೇಷ್ಮೆ ಬ್ಲೌಸು ಉಳಿದಿದೆ ಅಲ್ವಾ?"

ಅದು ಸೂಜಿಯ ಕೆಳಗೇ ಇತ್ತು. ಮೆಷಿನ್ ಜೊತೆಗೇ ಹೋಗಿತ್ತು. ಹೇಳದೆ ವಿಧಿಯಿರಲಿಲ್ಲ.

"ಒಂದು ತೋಳು ಉಳಿದಿದೆ ಮೇಡಂ."

ಆಮೇಲೆ ಸಮಾಧಾನ ಮಾಡುವ ಕೆಲಸ ನನ್ನದಾಯಿತು.

ಭದ್ರಾವತಿಯಿಂದ ಫೋನು

ಹನ್ನೆರಡನೇ ದಿನ ಭದ್ರಾವತಿಯ ಮೆಷಿನ್ ರಿಪೇರಿ ಸಾಬ್ರು ಫೋನ್ ಮಾಡಿದರು. ವರ್ಷಕ್ಕೊಮ್ಮೆ ನಮ್ಮ ಅಂಗಡಿಗೇ ಬಂದು ಎಣ್ಣೆ ಹಾಕಿ ಹೋಗುತ್ತಿದ್ದವರು.

"ಏನಮ್ಮಾ, ನಿಮ್ಮ ಮೆಷಿನ್ ಇಲ್ಲಿಗೆ ಬಂದಿದೆ, ನೀವೇ ಬಂದಿಲ್ಲ?"

ಬಾಬಿನ್ ಮೇಲಿನ ತಗಡಿನ ಮುಚ್ಚಳ ಅವರೇ ಕತ್ತರಿಸಿ ಕೂರಿಸಿದ್ದು. ಅದನ್ನು ನೋಡಿ ಗುರುತು ಹಿಡಿದಿದ್ದರು. ಮಾರಲು ತಂದವನಿಗೆ, "ಓಡಿಸಿ ನೋಡ್ಬೇಕು, ನಾಳೆ ಬನ್ನಿ" ಅಂದು ಕಳಿಸಿದ್ದರು.

ಮರುದಿನ ನಾನೂ ಮಫ್ತಿಯಲ್ಲಿದ್ದ ಇಬ್ಬರು ಪೊಲೀಸರೂ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆವು. ನನ್ನ ಮೆಷಿನ್ ಎದುರಿಗೇ ಇತ್ತು. ಮುಟ್ಟಬಾರದು ಅಂದಿದ್ದರಿಂದ ಸೆರಗು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದೆ. ನಲವತ್ತು ದಾಟಿದ ಸಣಕಲು ಮನುಷ್ಯನೊಬ್ಬ ಬಾಗಿಲಿಗೆ ಬಂದು ಇಣುಕಿದ.

"ಗಿರಾಕಿಗಳು ಇದ್ದಾರೆ ಅನ್ಸುತ್ತೆ. ಆಮೇಲೆ ಬರ್ತೀನಿ."

ಸಾಬ್ರು ಸ್ಟೂಲು ಮುಂದೆ ತಳ್ಳಿದರು. "ಕೂತ್ಕೊಳ್ಳಿ. ಅವರೂ ನಿಮಗೇ ಕಾಯ್ತಿರೋದು."

ಕೋರ್ಟಿನ ಮೆಟ್ಟಿಲು

ಅವನನ್ನು ಹಿಡಿದ ಮೇಲೆ, ಕೋರ್ಟು ಕರೆದಾಗ ತರಬೇಕು ಅಂತ ಬರೆಸಿಕೊಂಡು ಮೆಷಿನ್ ನನಗೆ ಕೊಟ್ಟರು. ವಿಚಾರಣೆಯ ದಿನ ಆಟೋದಲ್ಲಿ ಕೋರ್ಟಿಗೆ ಒಯ್ದೆ. ಕೋರ್ಟು ಇದ್ದದ್ದು ಮಹಡಿಯ ಮೇಲೆ. ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಕೈ ಸೋತಿತು. ಅಕ್ಕಪಕ್ಕ ಹತ್ತುತ್ತಿದ್ದವರು ದಾರಿ ಬಿಟ್ಟರೇ ಹೊರತು ಯಾರೂ ಕೈ ಕೊಡಲಿಲ್ಲ.

ಹಿಂದಿನಿಂದ ಒಬ್ಬ, "ಕೊಡಿ ಅಕ್ಕ, ನಿಮಗಾಗಲ್ಲ" ಅಂದ. ತಿರುಗಿ ನೋಡಿದರೆ ಅವನೇ, ಭದ್ರಾವತಿಯಲ್ಲಿ ಸಿಕ್ಕಿಬಿದ್ದವನು. ಜಾಮೀನಿನ ಮೇಲೆ ಬಂದಿದ್ದ. ಅಡಿಕೆ ಮಂಡಿಯಲ್ಲಿ ಮೂಟೆ ಹೊರುವ ಕೆಲಸ ತಪ್ಪಿ ಎರಡು ತಿಂಗಳು ಅಲೆದಿದ್ದನಂತೆ. ಅವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಆ ಮೆಟ್ಟಿಲ ಮೇಲೆ ಹುಡುಕಿದೆ, ಸಿಗಲಿಲ್ಲ. ಮೇಲ್ಗಡೆ ನಿಂತಿದ್ದ ನಮ್ಮ ಕೇಸಿನ ಕಾನ್‌ಸ್ಟೇಬಲ್ ಮುಖ ನೋಡಿದೆ.

"ಕೊಡಮ್ಮ, ಅವನಿಗೆ ಅಭ್ಯಾಸ ಇದೆ" ಅಂದರು.

ಅವನು ಅದನ್ನು ಮಗುವಿನಂತೆ ಎದೆಗವುಚಿಕೊಂಡು ಮೇಲೆ ತಂದು, ಮೇಜಿನ ಮೇಲೆ ಸದ್ದಾಗದ ಹಾಗೆ ಇಟ್ಟ. ಸ್ವಲ್ಪ ಹೊತ್ತಿಗೆ ನ್ಯಾಯಾಧೀಶರು ಬಂದು ಕೂತರು. ಮೆಷಿನ್ ನೋಡಿ, ನನ್ನ ಕಡೆ ನೋಡಿ, "ಇಷ್ಟು ಭಾರದ್ದನ್ನ ಯಾರು ಹೊತ್ಕೊಂಡು ಬಂದಿದ್ದು?" ಅಂತ ಕೇಳಿದರು.

ಅವನ ವಕೀಲರು ಎದ್ದು ನಿಲ್ಲುವಷ್ಟರಲ್ಲೇ ಅವನು ಕೈಮುಗಿದು ಹೇಳಿಬಿಟ್ಟ.

"ನಾನೇ ಸ್ವಾಮಿ. ಅವತ್ತೂ ನಾನೇ, ಇವತ್ತೂ ನಾನೇ."