ರುದ್ರಮ್ಮನವರ ಹೆಸರು ಹೊಡೆದುಹಾಕಿದ ಮತದಾರರ ಪಟ್ಟಿಗೆ

ನಂಜನಗೂಡಿನ ನಮ್ಮ ಬಡಾವಣೆಯ ಸರ್ಕಾರಿ ಶಾಲೆಯ ಗೋಡೆಯ ಮೇಲೆ ನಾಲ್ಕು ಮೊಳೆಗಳ ಆಧಾರದಲ್ಲಿ ಬಿಜಯಮಾಡಿಸಿರುವ ಮತದಾರರ ಪಟ್ಟಿಯವರ ಸನ್ನಿಧಿಗೆ,

ಮಾನ್ಯರೇ,

ಎರಡನೆಯ ಹಾಳೆಯ ಅಂಚು ಎರಚಲಿಗೆ ಕೊಂಚ ಸುರುಟಿಕೊಂಡಿರುವುದನ್ನು ಬಿಟ್ಟರೆ ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಇತ್ತ ನಾವೆಲ್ಲರೂ ಕ್ಷೇಮ. ನಮ್ಮಲ್ಲೊಬ್ಬರು ತಮ್ಮ ಪ್ರಕಾರ ತೀರಿಕೊಂಡಿದ್ದಾರೆ, ಅವರೂ ಕ್ಷೇಮ.

ಮೊದಲಿಗೆ ತಮ್ಮ ಸಮದೃಷ್ಟಿಗೆ ನಮಸ್ಕಾರ. ಅಕ್ಕಿ ಗಿರಣಿಯ ಮಾಲೀಕರಿಗೂ ಅಲ್ಲಿ ಮೂಟೆ ಹೊರುವವರಿಗೂ ಒಂದೇ ಅಳತೆಯ ಅಕ್ಷರ, ಒಂದೇ ಅಳತೆಯ ಚೌಕ ಕೊಟ್ಟ ಇನ್ನೊಂದು ಕಾಗದವನ್ನು ಈ ಊರಿನಲ್ಲಿ ನಾನು ಕಂಡಿಲ್ಲ. ಮದುವೆಯ ಲಗ್ನಪತ್ರಿಕೆಗಳಿಗೂ ಇದು ಸಾಧ್ಯವಾಗಿಲ್ಲ. ಅನುವಾದಿತ ಕಾದಂಬರಿಗಳನ್ನು ಓದಿ ಓದಿ ಅಡಿಟಿಪ್ಪಣಿಯನ್ನೂ ಬಿಡದ ಅಭ್ಯಾಸ ನನ್ನದಾದ್ದರಿಂದ, ಕಳೆದ ಚಳಿಗಾಲದಲ್ಲಿ ತಾವು ಕರಡು ರೂಪದಲ್ಲಿ ಗೋಡೆಗೆ ಬಂದಾಗ, ಉಳಿದವರು ತಂತಮ್ಮ ಹೆಸರು ನೋಡಿಕೊಂಡು ಹೊರಟ ಮೇಲೂ ನಾನು ಕೊನೆಯ ಹಾಳೆಯಲ್ಲಿದ್ದ ಕೈಬಿಟ್ಟ ಹೆಸರುಗಳನ್ನು ಓದುತ್ತ ನಿಂತೆ. 'ರುದ್ರಮ್ಮ, ಗಂಡ ದೇವಯ್ಯ, ವಯಸ್ಸು ಐವತ್ತೆಂಟು, ಕಾರಣ: ಮರಣ' ಎಂದಿತ್ತು. ಬಹಳ ದುಃಖವಾಯಿತು. ಆದರೆ ಅದೇ ಗೋಡೆಯ ಆಚೆ ಬಿಸಿಯೂಟದ ಅಡುಗೆಮನೆಯಿದ್ದು, ಅಲ್ಲಿನ ಅಡುಗೆಯವರಾದ ಅದೇ ರುದ್ರಮ್ಮನವರು ಆಗಷ್ಟೇ ಸಾರಿಗೆ ಒಗ್ಗರಣೆ ಹಾಕಿದ್ದರಿಂದ, ದುಃಖದ ನಡುವೆಯೇ ನನಗೆ ಸೀನು ಬಂದಿತು.

ಈ ಮರಣ ಸಂಭವಿಸಿದ ಬಗೆಯನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ಹೋದ ಚುನಾವಣೆಯಲ್ಲಿ ರುದ್ರಮ್ಮನವರು ಬೆಳಗಿನ ಜಾವವೇ ಎದ್ದು ಮತಗಟ್ಟೆಯ ಸಿಬ್ಬಂದಿಗೆ ಉಪ್ಪಿಟ್ಟು ಮಾಡಿಟ್ಟು, ಬಳಿಕ ಸಂಜೆಯವರೆಗೆ ನಡೆಯಲಾರದ ಹದಿನಾಲ್ಕು ಮುದುಕಿಯರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದು ಮತ ಹಾಕಿಸಿದರು. ಇದನ್ನು ಮೆಚ್ಚಿ ನಮ್ಮ ಮಹಿಳಾ ಸಂಘದವರು ಅವರದೇ ಫೋಟೋಗೆ ಕಟ್ಟು ಹಾಕಿಸಿ ಕೊಟ್ಟು, ಕೊರಳಿಗೊಂದು ಗಂಧದ ಹಾರ ಹಾಕಿ ಸನ್ಮಾನ ಮಾಡಿದರು. ಮನೆಗೆ ಬಂದ ಮೇಲೆ ಅವರ ಯಜಮಾನರು ದೇವಯ್ಯನವರು ಫೋಟೋವನ್ನು ನಡುಮನೆಯಲ್ಲಿ ತೂಗುಹಾಕಿ, ಹಾರವನ್ನು ಅದಕ್ಕೇ ಹಾಕಿದರು. ಬದುಕಿರುವವರ ಫೋಟೋಗೆ ಹಾರ ಹಾಕಬಾರದೆಂದು ಅವರಿಗೂ ಗೊತ್ತು; ಆದರೆ ಮನೆಯಲ್ಲಿದ್ದದ್ದು ಒಂದೇ ಮೊಳೆ.

ತಮ್ಮ ಪರವಾಗಿ ಮನೆಮನೆಯ ಪರಿಶೀಲನೆಗೆ ಬಂದ ಮಹನೀಯರು ಅತಿ ಸೂಕ್ಷ್ಮ ಮನಸ್ಸಿನವರು. ಒಳಗೆ ಬಂದರು, ಗೋಡೆ ನೋಡಿದರು, ಕೈಮುಗಿದರು, ವಯಸ್ಸಾದವರನ್ನು ಹೆಂಡತಿಯ ವಿಷಯ ಕೇಳಿ ನೋಯಿಸಬಾರದೆಂದು ಏನನ್ನೂ ಕೇಳದೆ ಬರೆದುಕೊಂಡರು. ಹೆಂಡತಿಯ ಸೇವೆಗೆ ಸರ್ಕಾರವೇ ಕೈಮುಗಿಯಿತೆಂದು ಹಿಗ್ಗಿದ ದೇವಯ್ಯನವರು ಕಾಫಿ ಕೊಟ್ಟರೆ, ಸಾವಾದ ಮನೆಯೆಂದು ಅವರು ಕುಡಿಯಲಿಲ್ಲ. "ಒಂದ್ ಲೋಟ ಕಾಪಿನೂ ಮುಟ್ನಿಲ್ಲ ಕಣವ್ವ, ಅಂತಾ ಪ್ರಾಮಾಣಿಕ್ರು," ಎಂದು ದೇವಯ್ಯನವರು ಇವತ್ತಿಗೂ ಹೊಗಳುತ್ತಾರೆ. ಆ ಹೊತ್ತಿನಲ್ಲಿ ರುದ್ರಮ್ಮನವರು ಎಲ್ಲಿದ್ದರೆಂದರೆ, ಹಿಂದಿನ ಬೀದಿಯಲ್ಲಿ ನನ್ನ ಜೊತೆ ಮನೆಮನೆ ತಿರುಗುತ್ತ, ತಮ್ಮ ಹಾಳೆಗಳಿಂದ ಯಾರ ಹೆಸರೂ ಬಿಟ್ಟುಹೋಗಬಾರದೆಂದು ಅರ್ಜಿ ತುಂಬಿಸುತ್ತಿದ್ದರು.

ವಿಷಯ ತಿಳಿದಾಗ ಅವರು ಸೌಟು ಕೆಳಗಿಟ್ಟು ಕೂತುಬಿಟ್ಟರು. ಹಸಿ ಬಾಣಂತಿಯಾಗಿದ್ದಾಗಲೂ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಹೋಗಿ ಮತ ಹಾಕಿ ಬಂದವರು ಅವರು. "ಸತ್ತೋಗಿವ್ನಿ ಅಂತ ಬರ್ಕಳ್ಳಿ, ಬ್ಯಾಸರ ಇಲ್ಲ. ಓಟ್ ಯಾಕ್ ಕಿತ್ಕಂಡ್ರು?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಮರುದಿನ ಅವರನ್ನು ಕಚೇರಿಗೆ ಕರೆದುಕೊಂಡು ಹೋದೆ. ಅಲ್ಲಿನ ಗುಮಾಸ್ತರು ಎದ್ದು ನಿಂತು, "ಅಮ್ಮಾ, ನೀವು ಬದುಕಿದ್ದೀರ ಅಂತ ನಮಗೇನೋ ಗೊತ್ತಾಯ್ತು. ಪಟ್ಟಿಗೆ ಗೊತ್ತಾಗ್ಬೇಕಲ್ಲ," ಎಂದರು. "ಆ ಪಟ್ಟಿಯವ್ರನ್ನೇ ಕರೀರಿ ಸಾ, ನಾನೇ ಮಾತಾಡ್ತೀನಿ," ಎಂದರು ರುದ್ರಮ್ಮನವರು. ತಾವು ಬರಲಿಲ್ಲ. ಕೊನೆಗೆ, ತೀರಿಕೊಂಡವರು ಮರಳಿ ಬರುವುದಕ್ಕೆ ಪ್ರತ್ಯೇಕ ಅರ್ಜಿ ಇಲ್ಲದ ಕಾರಣ, ಹದಿನೆಂಟು ತುಂಬಿದ ಮಕ್ಕಳು ತುಂಬುವ ಹೊಸ ಮತದಾರರ ಅರ್ಜಿಯನ್ನೇ ಅವರೂ ತುಂಬಿದರು. ನಾನು ಎರಡು ಬಾರಿ ಓದಿ, ತಪ್ಪಿಲ್ಲವೆಂದು ಖಚಿತಪಡಿಸಿಕೊಂಡು ಕೊಟ್ಟೆ.

ಇಷ್ಟಾದ ಮೇಲೆ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳು. ದಯವಿಟ್ಟು 'ಬದುಕಿದ್ದಾರೆ, ಸದ್ಯ ಅಡುಗೆಮನೆಯಲ್ಲಿದ್ದಾರೆ' ಎಂಬ ಅಂಕಣವೊಂದನ್ನು ತೆರೆಯಬೇಕು. ಮುಂದಿನ ಸಲ ತಾವೇ ಖುದ್ದಾಗಿ ಮನೆಗೆ ಬಂದು, ಚಾಪೆಯ ಮೇಲೆ ಕೂತು, ರುದ್ರಮ್ಮನವರ ಉಪ್ಪಿಟ್ಟು ತಿಂದು, ಇದು ಜೀವಂತ ಕೈಯ ಅಡುಗೆಯೋ ಅಲ್ಲವೋ ಎಂದು ತೀರ್ಮಾನಿಸಬೇಕು. ಅದೂ ಆಗದಿದ್ದರೆ, ಬರುವ ಮತದಾನದ ದಿನ ತಾವು ಸಾಲಿನಲ್ಲಿ ನಿಂತು, ತಾವು ಪಟ್ಟಿಯೇ ಹೌದೆಂಬುದಕ್ಕೆ ಭಾವಚಿತ್ರವಿರುವ ದಾಖಲೆಯೊಂದನ್ನು ನಮಗೆ ತೋರಿಸಬೇಕು.

ತಮ್ಮ ಔದಾರ್ಯವನ್ನು ಮುಚ್ಚಿಡಲಾರೆ. ಜನವರಿಯಲ್ಲಿ ಮತದಾರರ ದಿನದಂದು ತಮ್ಮವರು ಹೊಸ ಮತದಾರರನ್ನು ವೇದಿಕೆಗೆ ಕರೆದು ಗುರುತಿನ ಚೀಟಿ, ಜೊತೆಗೊಂದು ಗುಲಾಬಿ ಕೊಟ್ಟರು. ಕಾಲೇಜಿನ ಐದು ಹುಡುಗಿಯರ ಸಾಲಿನಲ್ಲಿ ಆರನೆಯವರಾಗಿ ರುದ್ರಮ್ಮನವರು ನಿಂತಿದ್ದರು. ಪಕ್ಕದಲ್ಲಿದ್ದ ಸಮೀಕ್ಷಾ ಎಂಬ ಹುಡುಗಿ, "ಅಜ್ಜಿ, ನಿಮಗೂ ಫಸ್ಟ್ ಟೈಮಾ?" ಎಂದು ಕೇಳಿದಳು. "ಊಂ ಕಣವ್ವ. ಸತ್ ಮ್ಯಾಕೆ ಇದೇ ಫಸ್ಟು," ಎಂದರು ರುದ್ರಮ್ಮನವರು. ಗುಲಾಬಿಯನ್ನು ಮುಡಿದುಕೊಂಡು ನೇರ ಅಡುಗೆಮನೆಗೆ ಹೋದರು. ಮಕ್ಕಳ ಊಟದ ಹೊತ್ತಾಗಿತ್ತು.

ಈಗ ತಮ್ಮ ಅಂತಿಮ ರೂಪದಲ್ಲಿ, ಕಡೆಯ ಹಾಳೆಯಲ್ಲಿ, ಹೊಸದಾಗಿ ಸೇರಿದವರ ನಡುವೆ ಅವರ ಹೆಸರಿದೆ. ಮತದಾನದ ದಿನ ಉಪ್ಪಿಟ್ಟು ಇಳಿಸಿದ ಕೂಡಲೇ ಮೊದಲು ತನ್ನ ಓಟು, ಆಮೇಲೆ ಗಾಲಿಕುರ್ಚಿ ಎಂದು ಅವರು ತೀರ್ಮಾನಿಸಿದ್ದಾರೆ. ಅಲ್ಲಿಯವರೆಗೆ ಯಾರಿಗೂ ಕೈಮುಗಿಯದಂತೆ ತಮ್ಮವರಿಗೆ ದಯವಿಟ್ಟು ತಿಳಿಸಿ.

ತಮ್ಮಲ್ಲಿ ಹೆಸರಿರುವವರೆಗೂ ತಮ್ಮ ವಿಶ್ವಾಸಿ,
ಚಂಪಕ
ಸ್ವಯಂಸೇವಕಿ (ಕ್ರಮಸಂಖ್ಯೆ 412, ಇವತ್ತು ಬೆಳಿಗ್ಗೆ ನೋಡಿದಾಗ ಇತ್ತು)

ಮರೆತಿದ್ದ ಮಾತು: ಗಂಧದ ಹಾರವನ್ನು ಫೋಟೋದಿಂದ ತೆಗೆದದ್ದಾಯಿತು. ಇನ್ನೊಂದು ಮೊಳೆ ಸಿಗದ ಕಾರಣ, ನಾಲ್ಕು ಮೊಳೆಗಳಿರುವ ತಮಗೇ ಅದನ್ನು ಹಾಕಿಬಿಡೋಣವೆಂದು ರುದ್ರಮ್ಮನವರು ಹೊರಟಿದ್ದರು. ನಾನೇ ತಡೆದೆ. ಸೂಕ್ಷ್ಮ ಮನಸ್ಸಿನ ಯಾರಾದರೂ ಆ ದಾರಿಯಲ್ಲಿ ಬಂದು, ಏನನ್ನೂ ಕೇಳದೆ ಕೈಮುಗಿದು ಬರೆದುಕೊಂಡು ಹೋದರೆ, ಆಮೇಲೆ ತಾವು ಬದುಕಿದ್ದೀರೆಂದು ತೋರಿಸಲು ಯಾವ ಕಚೇರಿಗೆ ಅಲೆಯುತ್ತೀರಿ?