ರಾಗ ಬರುತ್ತದೆಯೇ?

ಬೆಳಗಾಗೆದ್ದು ದೇವರಿಗೆ ಕೈಮುಗಿಯುವ ಮೊದಲು ಕಂಪ್ಯೂಟರಿನ ಮುಂದೆ ಕೂತು 'ನಾನು ರೋಬೋಟ್ ಅಲ್ಲ' ಎಂದು ಪ್ರಮಾಣ ಮಾಡುವ ಗತಿ ನಿಮಗೆ ಬಾರದಿರಲಿ. ನನಗೆ ಬಂದಿತ್ತು. ಪ್ರಮಾಣ ಮಾಡಿದರೂ ಆ ಯಂತ್ರ ನಂಬುವುದಿಲ್ಲ. 'ಹಾಗಾದರೆ ಬಸ್ಸುಗಳಿರುವ ಚಿತ್ರ ಆರಿಸು' ಎನ್ನುತ್ತದೆ. ಆರಿಸಿ ಒಳಗೆ ಹೋದರೆ ಬಯೋಡಾಟಾ ಏರಿಸಬೇಕು. ಏರಿಸಿದ ಮೇಲೆ ಅದರಲ್ಲಿರುವುದನ್ನೆಲ್ಲ ಮತ್ತೆ ಚೌಕಗಳಲ್ಲಿ ತುಂಬಿಸಬೇಕು. (ಹಾಗಾದರೆ ಏರಿಸಿದ್ದು ಯಾರ ಶ್ರಾದ್ಧಕ್ಕೆ ಎಂದು ಕೇಳಲು ಅಲ್ಲಿ ಚೌಕ ಇಲ್ಲ.) ಮಾರನೆಯ ದಿನ ಉತ್ತರ ಬರುತ್ತದೆ: ನಿಮ್ಮ ಅರ್ಹತೆ ನಮ್ಮನ್ನು ಬೆರಗುಗೊಳಿಸಿದೆ, ಆದರೂ ವಿಷಾದಿಸುತ್ತೇವೆ. ನಾನು ಅರ್ಜಿಯನ್ನೇ ಹಾಕದ ಒಂದು ಕಂಪನಿಯೂ ವಿಷಾದ ಸೂಚಿಸಿದಾಗ ನನ್ನ ಖ್ಯಾತಿ ನಾಸಿಕದ ಎಲ್ಲೆ ಮೀರಿದೆ ಎಂದು ಖಾತ್ರಿಯಾಯಿತು.

ನಾನು ರೋಷನ್, ಕುಂದಾಪುರದವನು. ಊರಿನ ಒಂದು ಲಾಡ್ಜಿನಲ್ಲಿ ರಿಸೆಪ್ಷನ್ ನೋಡಿಕೊಂಡು ಸುಖವಾಗಿದ್ದೆ. ಹೆಂಡತಿ ನಿಶ್ಮಿತಾ ನಮ್ಮ ಕಡೆಯವಳೇ ಆದರೂ ನಾಸಿಕದಲ್ಲೇ ಹುಟ್ಟಿ ಬೆಳೆದವಳು, ಅಲ್ಲಿಯೇ ಶಾಲೆಯ ಟೀಚರ್. ಮದುವೆಯಾದ ಮೇಲೆ ಯಾರು ಯಾರ ಊರಿಗೆ ಹೋಗಬೇಕು ಎಂಬ ಬಗ್ಗೆ ನಾವಿಬ್ಬರೂ ದೀರ್ಘವಾಗಿ ಚರ್ಚಿಸಿ, ಕೊನೆಗೆ ಅವಳು ಮೊದಲೇ ತೀರ್ಮಾನಿಸಿದ್ದಂತೆ ನಾನು ಹೊರಟು ಬಂದೆ.

ನಾಸಿಕದಲ್ಲಿ ಅವಳ ಅಣ್ಣ ಭುಜಂಗನ ಹೋಟೆಲಿದೆ. ಭುಜಂಗ ಒಳ್ಳೆಯವನೇ. ಆದರೆ ಅವನ ಕಣ್ಣಿಗೆ ಕೆಲಸವಿಲ್ಲದ ಭಾವ ಎಂದರೆ ಹಣದ ಗಲ್ಲೆಯ ಹಿಂದೆ ಕೂರಲು ದೇವರೇ ಕಳಿಸಿದ ಪ್ರಾಣಿ. ದಸರಾಕ್ಕೆ ಹತ್ತಿರದ ನಿಫಾಡಿನಲ್ಲಿ ಹೊಸ ಶಾಖೆ ತೆರೆಯುವವನಿದ್ದ. ಅಷ್ಟರೊಳಗೆ ನನಗೆ ಕೆಲಸ ಸಿಗದಿದ್ದರೆ ನಿಫಾಡಿನ ಗಲ್ಲೆಯಲ್ಲಿ ನನ್ನ ಪ್ರತಿಷ್ಠಾಪನೆ ಎಂದು ಅಣ್ಣತಂಗಿ ಸೇರಿ ಗೊತ್ತು ಮಾಡಿದ್ದರು. ಗಲ್ಲೆ ಕೀಳು ಎಂದಲ್ಲ. ಆದರೆ ಹೆಂಡತಿಯ ಅಣ್ಣನ ಕೈಕೆಳಗೆ ಕೂತ ಗಂಡನಿಗೆ ಮನೆಯಲ್ಲಿ ಇರುವ ಚೂರುಪಾರು ಮರ್ಯಾದೆಯೂ ಇಡ್ಲಿಯ ಹಬೆಯಲ್ಲಿ ಹಾರಿಹೋಗುತ್ತದೆ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

"ಎಂತ ಭಾವ, ಉತ್ರ ಬಂತಾ?" ಎಂದು ಅವನು ದಿನಾ ಫೋನಿನಲ್ಲಿ ಕೇಳುತ್ತಿದ್ದ. "ಬರ್ದಿದ್ರೆ ಬೇಜಾರ್ ಬೇಡ. ಕುರ್ಚಿಗೆ ಆರ್ಡರ್ ಕೊಟ್ಟಿದ್ದೆ. ನಿಮ್ಮ ಅಳ್ತಿದೇ."

ಆಗ ನನಗೊಂದು ದಿವ್ಯ ಯೋಚನೆ ಹೊಳೆಯಿತು. ಎಲ್ಲರೂ ನನ್ನನ್ನು ತಳ್ಳಿಹಾಕುವುದು ಮರಾಠಿ ಬರುವುದಿಲ್ಲ ಎಂದಲ್ಲವೇ? ಬಯೋಡಾಟಾದಲ್ಲಿ 'ಹವ್ಯಾಸ: ಸಂಗೀತ' ಎಂಬುದರ ಮೇಲ್ಗಡೆ 'ಮರಾಠಿ: ಉತ್ತಮ' ಎಂದು ಸೇರಿಸಿದೆ. ಅಷ್ಟು ಹೊತ್ತಿಗೆ ನನಗೆ ಬರುತ್ತಿದ್ದುದು ತರಕಾರಿಯವನ ಜೊತೆ ಚೌಕಾಸಿ ಮಾಡುವಷ್ಟು.

"ಅರೇ, ಮರಾಠೀಲೇ ಇಂಟರ್‌ವ್ಯೂ ತಗೊಂಡ್ರೆ ಕಾಯ್ ಕರಣಾರ್? ಏನ್ ಮಾಡ್ತೀರಿ?" ಎಂದು ನಿಶ್ಮಿತಾ ಕೇಳಿದಳು.

ಅದಕ್ಕೂ ನನ್ನಲ್ಲಿ ಸಿದ್ಧಾಂತವಿತ್ತು. ಮರಾಠಿಯ ಅರ್ಧ ಪದಗಳು ನಮ್ಮವೇ, ಪೇಟ ಮಾತ್ರ ಬೇರೆ. ಉತ್ತರ, ಅನುಭವ, ವಿಚಾರ ಎಲ್ಲ ಅಲ್ಲೂ ಇವೆ. ವಾಕ್ಯದಲ್ಲಿ ಒಂದು ಪರಿಚಯದ ಪದ ಕಂಡರೆ ಸಾಕು, ಅದನ್ನು ಹಿಡಿದುಕೊಂಡು ದಡ ಸೇರಬಹುದು. ಇದನ್ನು ಹೇಳಿದಾಗ ಅವಳು ಹಣೆ ಮುಟ್ಟಿಕೊಂಡಳು. ಮೆಚ್ಚುಗೆಯಿಂದಲೇ ಎಂದು ನಾನು ಭಾವಿಸಿದೆ.

ಸಿದ್ಧಾಂತಕ್ಕೆ ಬೇಗನೆ ಪರೀಕ್ಷೆ ಬಂತು. ಸಂಭಾಜಿನಗರದಿಂದ ಗುಹಾಲಯಗಳ ವೇರೂಳಿಗೆ ಹೋಗುವ ದಾರಿಯಲ್ಲಿ, ದೌಲತಾಬಾದ್ ದಾಟಿದ ಮೇಲೆ ಇರುವ ಒಂದು ರೆಸಾರ್ಟಿನಿಂದ ಇಂಟರ್‌ವ್ಯೂಗೆ ಕರೆ ಬಂತು. ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತಿ ದಾರಿಯುದ್ದಕ್ಕೂ ಮರಾಠಿ ಪಾಠ ಹೇಳಿಕೊಂಡು ಹೋದೆ. ಪಕ್ಕದಲ್ಲಿದ್ದ ಅಜ್ಜಿ ಮಂತ್ರವೆಂದು ತಿಳಿದು ಒಂದು ಪೇರಳೆಹಣ್ಣು ಕೊಟ್ಟರು.

ರೆಸಾರ್ಟಿನಲ್ಲಿ ನನಗಿಂತ ಮೊದಲು ಒಳಗೆ ಹೋದವನು ಉತ್ಕರ್ಷ ಎಂಬ ಎಂಬಿಎ ಹುಡುಗ. ಹೊರಬಂದವನು ಟೈ ಸಡಿಲಿಸಿ, ಎಲ್ಲದಕ್ಕೂ ಪುಸ್ತಕದಲ್ಲಿದ್ದ ಹಾಗೆ ಉತ್ತರ ಕೊಟ್ಟೆ ಎಂದು ನಕ್ಕ. ಒಳಗೆ ಇಬ್ಬರಿದ್ದರು, ಮಾಲೀಕ ಅಭಿಜಿತ್ ಸಾಹೇಬರು ಮತ್ತು ಎಚ್.ಆರ್. ಮೇಡಂ. ಮೊದಲೆರಡು ಪ್ರಶ್ನೆ ಹಿಂದಿಯಲ್ಲಿ ಹೇಗೋ ಸಾಗಿದವು. ಅಷ್ಟರಲ್ಲಿ ಸಾಹೇಬರು ನನ್ನ ಬಯೋಡಾಟಾ ನೋಡಿ, ವಾ, ಮರಾಠಿ ಉತ್ತಮವೋ ಎಂದು ಮರಾಠಿಗೆ ಹೊರಳಿಯೇಬಿಟ್ಟರು.

"ತುಮ್ಹಾಲಾ ರಾಗ್ ಯೇತೋ ಕಾ?"

ನನ್ನ ಸಂತೋಷಕ್ಕೆ ಪಾರವಿರಲಿಲ್ಲ. 'ಹವ್ಯಾಸ: ಸಂಗೀತ' ಎಂಬುದನ್ನು ಓದಿ, ರಾಗ ಬರುತ್ತದೆಯೇ ಎಂದು ಕೇಳುತ್ತಿದ್ದಾರೆ. ಇಡೀ ವಾಕ್ಯ ಅರ್ಥವಾದದ್ದು ಬಂದಾಗಿನಿಂದ ಅದೇ ಮೊದಲು. ಬಹಳ ಬರುತ್ತದೆ ಎಂದೆ. ಚಿಕ್ಕಂದಿನಿಂದಲೇ ಬರುತ್ತದೆ, ಅಮ್ಮನಿಂದ ಬಂದದ್ದು ಎಂದು ನನ್ನ ಹರುಕು ಮರಾಠಿಗೆ ಹಿಂದಿಯ ತೇಪೆ ಹಚ್ಚಿ ವಿವರಿಸಿದೆ. ಮೇಡಂ ಪೆನ್ನು ಕೆಳಗಿಟ್ಟರು.

ಮನೆಯಲ್ಲೂ ಬರುತ್ತದೆಯೇ ಎಂದು ಕೇಳಿದರು. ದಿನಾ ಸಂಜೆ ಹೆಂಡತಿಯ ಮುಂದೆ ಬರುತ್ತದೆ, ಅಕ್ಕಪಕ್ಕದವರೂ ಬಂದು ಕೇಳುತ್ತಾರೆ ಎಂದೆ. ಗಿರಾಕಿಗಳ ಮುಂದೆ? ಅವರಿಗೆ ಬೇಕೆಂದರೆ ಅವರ ಮುಂದೆಯೂ ಅಡ್ಡಿಯಿಲ್ಲ ಎಂದೆ ವಿನಯದಿಂದ. ಸಾಹೇಬರು ಮುಂದೆ ಬಾಗಿದರು.

"ಮಗ್ ರಾಗ್ ಆಲಾ ಕೀ ಕಾಯ್ ಕರತಾ?"

ರಾಗ ಬಂದರೆ ಏನು ಮಾಡುತ್ತೀರಿ? ಇಂಥ ಪೆದ್ದು ಪ್ರಶ್ನೆ ಈ ಇಂಟರ್‌ವ್ಯೂಗಳಲ್ಲಿ ಮಾತ್ರ ಕೇಳಲು ಸಾಧ್ಯ. ರಾಗ ಬಂದವನು ಬಟ್ಟೆ ಒಗೆಯುತ್ತಾನೆಯೇ? "ಗಾತೋ" ಎಂದೆ. ಹಾಡುತ್ತೇನೆ. ಅವರಿಗೆ ನಂಬಿಕೆ ಬಂದಂತೆ ಕಾಣದ್ದರಿಂದ ಎದ್ದು ನಿಂತು, ಮೇಜಿನ ಮೇಲೆ ತಾಳ ಹಾಕುತ್ತ ಮೋಹನ ರಾಗವನ್ನು ವಿಸ್ತಾರವಾಗಿ ಆಲಾಪಿಸಿದೆ. ಮೇಡಂ ಕರವಸ್ತ್ರದಿಂದ ಕಣ್ಣು ಒತ್ತಿಕೊಂಡರು. ತಿಳಿಸುತ್ತೇವೆ ಎಂದು ಕಳಿಸಿದರು.

ಮರುದಿನ ಫೋನು ಬಂತು. ಮರಾಠಿ ಕೇಳಿಸಿದ ಕೂಡಲೇ ಅದನ್ನು ನಿಶ್ಮಿತಾಳ ಕೈಗೆ ಕೊಟ್ಟೆ. ಅವಳು ಕೇಳುತ್ತ ಕೇಳುತ್ತ ಸೋಫಾದ ಮೇಲೆ ಕೂತಳು, ಆಮೇಲೆ ಒರಗಿದಳು, ಫೋನಿಟ್ಟ ಮೇಲೆ ನೆಲಕ್ಕೆ ಜಾರಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

"ಮರಾಠೀಲಿ ರಾಗ ಅಂದ್ರೆ ಸಿಟ್ಟು, ಮಾರಾಯ್ರೆ," ಎಂದಳು ಉಸಿರು ಸಿಕ್ಕಿದ ಮೇಲೆ. "ಸಿಟ್ಟು ಬರ್ತದಾ ಅಂತ ಕೇಳಿದ್ದು. ಬಾಕಿ ಎಲ್ರೂ ನಂಗೆ ಸಿಟ್ಟೇ ಬರೋದಿಲ್ಲ ಅಂತ ಸುಳ್ಳು ಹೇಳಿದ್ರಂತೆ. ನೀವೊಬ್ರೇ ಪ್ರಾಮಾಣಿಕ. ಸಿಟ್ಟು ಬಂದ್ರೆ ಹಾಡೋ ಮನುಷ್ಯ ಅವ್ರಿಗೆ ಲೈಫಲ್ಲೇ ಸಿಕ್ಕಿಲ್ವಂತೆ. ನೋಕರಿ ಪಕ್ಕಾ."

ಹೆಸರಿನಲ್ಲೇ ರೋಷ ಇಟ್ಟುಕೊಂಡ ನಾನು ಬೆವತುಹೋದೆ. ಫೋನು ಮಾಡಿ ನಿಜ ಹೇಳಿಬಿಡುತ್ತೇನೆ ಎಂದೆ. ಧಾರಾಳವಾಗಿ ಹೇಳಿಬಿಡಿ, ಹೇಗೂ ಅಣ್ಣನ ಕುರ್ಚಿ ಬಂದು ಕೂತಿದೆ ಎಂದಳು. ನಾನು ಹೇಳಲಿಲ್ಲ.

ಹೀಗೆ ನಾನು ಅತಿಥಿ ಅಸಮಾಧಾನ ನಿವಾರಣಾಧಿಕಾರಿಯಾದೆ. ಎಂದರೆ, ಬಿಸಿನೀರು ಬರದವರು, ವೈಫೈ ಸಿಗದವರು, ವೇರೂಳಿನ ಗುಹೆಗಳಲ್ಲಿ ಲಿಫ್ಟ್ ಇಲ್ಲವೆಂದು ಕೆರಳಿ ಬಂದವರು ಎಲ್ಲರೂ ಬಂದು ಬೈಯುವುದು ನನಗೆ. ಬಾಯಿ ತುದಿಗೆ ಕುಂದಾಪುರದ ಅಪ್ಪಟ ಬೈಗುಳ ಬಂದಿರುತ್ತದೆ. ಅಷ್ಟರಲ್ಲಿ ಹಿಂದಿನಿಂದ ಸಾಹೇಬರು, ರೋಷನ್‌ಜೀ, ರಾಗ್ ಆಲಾ ಕಾ ಎಂದು ಪ್ರೀತಿಯಿಂದ ಕೇಳುತ್ತಾರೆ. ಬೈಗುಳ ನುಂಗಿ ಹಾಡುತ್ತೇನೆ. ಗಿರಾಕಿಗಳು ಬೈಯುವುದು ಬಿಟ್ಟು ವಿಡಿಯೋ ಮಾಡುತ್ತಾರೆ. ನಾನು ಸಂಬಳದ ದಿನ ಖುಷಿಯಿಂದ ಗುನುಗಿದರೆ ಮಾತ್ರ ರೂಂ ಬಾಯ್‌ಗಳು, ರೋಷನ್ ಸಾಹೇಬರಿಗೆ ವಿಪರೀತ ಸಿಟ್ಟು ಬಂದಿದೆ ಎಂದು ಓಡಿಹೋಗುತ್ತಾರೆ.

ವಾರದ ರಜೆಗೆ ನಾಸಿಕಕ್ಕೆ ಬಂದಾಗ ಮನೆಯಲ್ಲಾದರೂ ಸಿಟ್ಟು ಮಾಡೋಣವೆಂದರೆ ಅದೂ ಇಲ್ಲ. ನಾನು ದನಿ ಏರಿಸುವ ಮೊದಲೇ ನಿಶ್ಮಿತಾ ಶ್ರುತಿಪೆಟ್ಟಿಗೆ ತಂದು ಮುಂದಿಡುತ್ತಾಳೆ.

ದಸರಾ ಬಂತು. ರಜೆ ಹಾಕಿ ನಿಫಾಡಿಗೆ ಹೋದೆ, ಭುಜಂಗನ ಮುಂದೆ ಕೆಲಸವಿರುವ ಗಂಡಸಾಗಿ ಎದೆಯುಬ್ಬಿಸಿ ನಿಲ್ಲಲೆಂದೇ. ಹೋಟೆಲು ಗಿಜಿಗುಡುತ್ತಿತ್ತು. ಇಡ್ಲಿ ತಡ, ಸಾಂಬಾರು ತಣ್ಣಗೆ, ಗಲ್ಲೆಯ ಮುಂದೆ ಗಿರಾಕಿಗಳ ಗಲಾಟೆ. ಭುಜಂಗ ಓಡಿಬಂದು ನನ್ನ ಕೈ ಹಿಡಿದ.

"ಭಾವ, ತಂಗಿ ಎಲ್ಲ ಹೇಳಿದ್ಲ್. ವಾರದ್ ರಜೆ ದಿನ ನೀವ್ ಇಲ್ಲಿಗೇ ಬನ್ನಿ. ಈಗ ಒಂಚೂರ್ ಕೂಕಣಿ, ಇವ್ರನ್ನ್ ಸಮಾಧಾನ ಮಾಡಿ."

ನಾನು ನಿಶ್ಮಿತಾಳ ಕಡೆ ನೋಡಿದೆ. ಅವಳು ಆ ಹೊಸ ಕುರ್ಚಿಯ ಧೂಳು ಒರೆಸುತ್ತಿದ್ದಳು. ಇಷ್ಟು ದಿನ, ಇಷ್ಟು ಅರ್ಜಿ, ಇಷ್ಟು ಪ್ರಮಾಣ ಎಲ್ಲ ಮಾಡಿದ್ದು ಯಾವುದರಲ್ಲಿ ಕೂರಬಾರದೆಂದೋ ಅದೇ ಕುರ್ಚಿ ನನ್ನ ಅಳತೆಯಲ್ಲಿ ತಯಾರಾಗಿ ಕಾಯುತ್ತಿತ್ತು. ನನಗೆ ಹುಟ್ಟಿದ ಮೇಲೆ ಎಂದೂ ಬಾರದಷ್ಟು ಸಿಟ್ಟು ಬಂತು.

ಕೂತು, ಕಲ್ಯಾಣಿಯಲ್ಲಿ ಶುರು ಮಾಡಿದೆ.